ನಡಾವಳಿಯಲ್ಲಿ ಇಲ್ಲದ ಚಪ್ಪಾಳೆ

ಎಗ್ಬರ್ಟ್ ಹೋಲ್ಟ್‌ಕಾಂಪ್ ಹದಿನಾರು ವರ್ಷ ನಮ್ಮ ಕಣಿವೆಯ ಸಂಸದನಾಗಿದ್ದ. ಸಂಪ್ರದಾಯವಾದಿ ಪಕ್ಷ, ಆ ಪಕ್ಷದಿಂದ ನಿಂತರೆ ನಮ್ಮಲ್ಲಿ ಕುರ್ಚಿಯೂ ಗೆಲ್ಲುತ್ತದೆ ಎಂದು ವಿರೋಧಿಗಳು ಹಂಗಿಸುತ್ತಿದ್ದರು. ಊರಿನ ಕಚೇರಿಯಲ್ಲಿ ಅವನ ಕಾಗದಪತ್ರ ನೋಡಿಕೊಳ್ಳುತ್ತಿದ್ದವಳು ನಾನು. ಒಂದೇ ಶಾಲೆಯಲ್ಲಿ ಓದಿದವರು, ಹಾಗಾಗಿ ಏಕವಚನ. ತೊಂಬತ್ತು ತುಂಬಿದ ಮುದುಕಿಯರ ಮನೆಗೆಲ್ಲ ಹೂಗುಚ್ಛ ಹಿಡಿದು ಹೋಗುತ್ತಿದ್ದ, ಕೊಟ್ಟ ಕೇಕನ್ನೆಲ್ಲ ತಿನ್ನುತ್ತಿದ್ದ. ಯಾರಿಗೂ ಇಲ್ಲ ಎನ್ನಲು ಬಾರದು. ಅದೇ ಅವನಿಗೆ ಮುಳುವಾಯಿತು.

ಅವನ ಅಪ್ಪ ಕ್ಲೆಮೆನ್ಸ್ ಕಣಿವೆಯ ರೈಲಿಗೆ ನಲವತ್ತೊಂದು ವರ್ಷ ಸಿಗ್ನಲ್ ಕೊಟ್ಟವರು. ಆ ಮಾರ್ಗವನ್ನು ಮುಚ್ಚುವ ವಿಷಯ ಸದನಕ್ಕೆ ಬಂದಾಗ ಮುದುಕ ಕೇಳಿದ್ದು ಒಂದೇ.

"ನಮ್ಮ ರೈಲಿನ ಪರವಾಗಿ ಒಂದ್ಸಲ ಎದ್ದು ನಿಂತು ಮಾತಾಡೋ. ನಾನು ಟೀವೀಲಿ ನೋಡ್ಬೇಕು."

ಎಗ್ಬರ್ಟ್ ಮಾತು ಕೊಟ್ಟ. ಭಾಷಣವನ್ನು ನಾನೇ ಮೂರು ಸಲ ಟೈಪ್ ಮಾಡಿದೆ.

ಆ ಗುರುವಾರ ಕ್ಲೆಮೆನ್ಸ್ ಟೈ ಕಟ್ಟಿಕೊಂಡು ಟೀವಿ ಮುಂದೆ ಕೂತರು. ಅತ್ತ ಬರ್ಲಿನ್‌ನ ಸಂಸತ್ತಿನಲ್ಲಿ ಸಂಜೆಯಾದರೂ ಮಗನ ಸರದಿ ಬರಲಿಲ್ಲ. ಪಕ್ಷದ ಸಚೇತಕ ಬಂದು ಹೆಗಲ ಮೇಲೆ ಕೈ ಹಾಕಿದ.

"ಬರೆದದ್ದನ್ನ ಹಾಗೇ ಕೊಟ್ಬಿಡಪ್ಪಾ, ನಡಾವಳಿಯಲ್ಲಿ ಅಚ್ಚಾಗುತ್ತೆ. ಎಲ್ಲರಿಗೂ ಊರಿನ ರೈಲು ಹಿಡಿಯೋ ಅವಸರ."

ಹೊತ್ತು ಮೀರಿದರೆ ಓದದ ಭಾಷಣವನ್ನೂ ಸದನದ ನಡಾವಳಿಯಲ್ಲಿ ಅಚ್ಚು ಹಾಕುವುದು ಅಲ್ಲಿ ರೂಢಿ. ಇವನು ಕೊಟ್ಟುಬಿಟ್ಟ. ಟೀವಿಯಲ್ಲಿ ಮಗ ಕಾಣಲಿಲ್ಲ. ತನಗೆ ಜೊಂಪು ಹತ್ತಿದಾಗ ಮಾತಾಡಿರಬೇಕು ಎಂದು ಮುದುಕ ತನ್ನನ್ನೇ ಬೈದುಕೊಂಡರು.

ಮುಂದಿನ ಶನಿವಾರ ನಡಾವಳಿ ಪುಸ್ತಕವನ್ನು ನಾನೇ ಅವರ ಮನೆಗೆ ಒಯ್ದೆ. ಎಗ್ಬರ್ಟ್ ಕೂಡ ಅಪ್ಪನ ಎದುರಿಗೆ ಕೂತಿದ್ದ. ಕ್ಲೆಮೆನ್ಸ್ ಕನ್ನಡಕ ಏರಿಸಿ, ಸಾಲಿಗೆ ಬೆರಳಿಟ್ಟು ಓದಿದರು.

"ಬೇರೆಯವರ ಮಾತಿನ ಮಧ್ಯೆ ಬ್ರಾಕೆಟ್‌ನಲ್ಲಿ ಚಪ್ಪಾಳೆ ಅಂತ ಹಾಕಿದಾರೆ. ನಿನ್ನದ್ರಲ್ಲಿ ಒಂದೂ ಇಲ್ವಲ್ಲೋ. ನಿನ್ನ ಪಕ್ಷದೋರೂ ತಟ್ಲಿಲ್ವಾ?"

"ನಾನು ಮಾತಾಡ್ಲೇ ಇಲ್ಲಪ್ಪ. ಕಾಗದ ಕೊಟ್ಟು ಬಂದೆ."

ಮುದುಕ ಪುಸ್ತಕ ಮುಚ್ಚಿದರು. "ಕಾಫಿ ಆರೋಗುತ್ತೆ, ಕುಡಿ."

ಎಗ್ಬರ್ಟ್‌ಗೆ ಎರಡು ಬಾರಿಸಬೇಕು ಅನ್ನಿಸಿತು ನನಗೆ. ಅವನ ಮುಖ ನೋಡಿದೆ, ಅಳು ಬಂತು.

ಡಿಸೆಂಬರಿನಲ್ಲಿ ಮಾರ್ಗ ಮುಚ್ಚಿತು. ಫೆಬ್ರವರಿಯಲ್ಲಿ ಕ್ಲೆಮೆನ್ಸ್ ತೀರಿಕೊಂಡರು. ಮುಂದಿನ ಚುನಾವಣೆಗೆ ಎಗ್ಬರ್ಟ್ ನಿಲ್ಲಲೂ ಇಲ್ಲ.

ಅಪ್ಪನನ್ನು ಮಣ್ಣು ಮಾಡಿದ ದಿನ, ಸಮಾಧಿಯ ಬಳಿ ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ, ಅವನು ಕೋಟಿನ ಜೇಬಿನಿಂದ ನಾನು ಟೈಪ್ ಮಾಡಿದ್ದ ಭಾಷಣದ ಇನ್ನೊಂದು ಪ್ರತಿಯನ್ನು ತೆಗೆದ. "ಮಾನ್ಯ ಸಭಾಧ್ಯಕ್ಷರೇ" ಎಂಬಲ್ಲಿಂದ ಹಿಡಿದು ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದ. ಅವನು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ಹದಿನಾರು ವರ್ಷದಲ್ಲಿ ನಾನು ಕೇಳಿರಲಿಲ್ಲ. ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ಆದರೆ ಶವಪೆಟ್ಟಿಗೆಯ ಮುಂದೆ ನಮ್ಮೂರಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.