ಪದ ನನ್ನದು, ಹೆಸರು ಕಾಕಾ ಅವರದು

ಕಳೆದ ಸೋಮವಾರ ಸಂಜೆ ಹೊರ್ತಿಯಲ್ಲಿ ನಾನು ಕಟ್ಟಿದ ಪದಕ್ಕೆ ಜನ ಚಪ್ಪಾಳೆ ತಟ್ಟಿದರು. ಆಮೇಲೆ ಹೋಗಿ ಬೇರೊಬ್ಬರ ಕೈ ಕುಲುಕಿದರು.

ತಪ್ಪು ಜನರದ್ದಲ್ಲ. ನನ್ನದೇ.

ಹೊರ್ತಿಯ ಬೀರಪ್ಪ ಡೊಳ್ಳಿನ ಮೇಳದ ಮುಖ್ಯ ಹಾಡುಗಾರ. ತಿಂಗಳ ಹಿಂದೆ ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದಿದ್ದ. “ವಾರಾ ವಾರಾ ಪೇಪರಿನ್ಯಾಗ ಇಷ್ಟುದ್ದ ಬರೀತೀರಿ. ನಮಗೊಂದು ಪದಾ ಕಟ್ಟಿಕೊಡಾಕ ಏನ್ ಧಾಡಿರಿ ಸರ?” ಎಂದ. ಇಂಥ ಗೌರವಪೂರ್ವಕ ಆಹ್ವಾನವನ್ನು ತಿರಸ್ಕರಿಸುವುದು ಸಾಹಿತ್ಯಧರ್ಮವೇ? ಒಪ್ಪಿದೆ. (ನಾನು ಡೊಳ್ಳಿನ ಪದ ಕೇಳಿದವನು, ಕಟ್ಟಿದವನಲ್ಲ.)

ಕಲಿಯುವುದು ಹೇಗೆ? ನನಗೆ ಗೊತ್ತಿರುವುದು ಒಂದೇ ದಾರಿ. ಮೆಚ್ಚಿದವರ ಬೆನ್ನು ಹತ್ತುವುದು. ಅಂಕಣ ಕಲಿತದ್ದೂ ಹಾಗೆಯೇ. (ಈ ಕಂಸಗಳು ಕೂಡ ಕಡ ತಂದವು.) ಡೊಳ್ಳಿನ ಪದದಲ್ಲಿ ಝಳಕಿಯ ಮಾಳಪ್ಪ ಕಾಕಾ ಅವರಿಗಿಂತ ದೊಡ್ಡವರು ಯಾರು? ಅವರ ಪದಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೂತೆ. ಅವರು ಉಸಿರೆಳೆದಲ್ಲಿ ನಾನೂ ಉಸಿರೆಳೆದೆ. ಅವರು ಕುರಿ ಎಂದಲ್ಲಿ ಬಸ್ಸು ಎಂದೆ, ಹಟ್ಟಿ ಎಂದಲ್ಲಿ ಬಸ್‌ಸ್ಟ್ಯಾಂಡ್ ಎಂದೆ. ಪದ ಸಿದ್ಧ!

ಹೊರ್ತಿಗೆ ಹೋಗುವಾಗ ದಾರಿಯುದ್ದಕ್ಕೂ ಅಂಜಿಕೆ. ತಾಳ ತಪ್ಪಿದರೆ? ಜನ ಎದ್ದು ಹೋದರೆ? ಅಸಲಿ ಅಪಾಯ ಮಾತ್ರ ಹೊಳೆಯಲೇ ಇಲ್ಲ.

ಡೊಳ್ಳಿನ ಪದಕ್ಕೊಂದು ಕಟ್ಟುಪಾಡಿದೆ. ಕೊನೆಯ ನುಡಿಯಲ್ಲಿ ಕಟ್ಟಿದವನ ಊರು, ಹೆಸರು ಬರಬೇಕು. ಪದ ಯಾರದ್ದೆಂದು ಜನರಿಗೆ ತಿಳಿಯುವುದೇ ಅಲ್ಲಿ.

ಬೀರಪ್ಪ ಹಾಡಿದ. ಮಾಳಪ್ಪ ಕಾಕಾ ಎದುರಿಗೇ ಕೂತಿದ್ದರು. ಕೊನೆಯ ನುಡಿ ಬಂತು: “ಊರು ಝಳಕಿ, ಕವಿ ಮಾಳಪ್ಪ...”

ನಕಲು ಮಾಡುವ ಭಕ್ತಿಯಲ್ಲಿ ಹೆಸರನ್ನೂ ಇಳಿಸಿಕೊಂಡಿದ್ದೆ! ಚಿಕ್ಕಂದಿನಿಂದ ಅದೇ ಹೆಸರು ಹಾಡಿ ರೂಢಿಯಾದ ಬೀರಪ್ಪನಿಗೂ ಅನುಮಾನ ಬಂದಿರಲಿಲ್ಲ.

ಜನ ಕಾಕಾ ಅವರನ್ನು ಮುತ್ತಿದರು. “ಈ ವಯಸ್ಸಿನ್ಯಾಗ ಬಸ್ಸಿನ ಪದಾ! ಭಾರಿ ಕಟ್ಟೀರಿ ಬಿಡ್ರಿ ಕಾಕಾ!”

ಕಾಕಾ ಮೀಸೆ ತೀಡುತ್ತ, “ಕಟ್ಟಿರಬೇಕಪಾ. ನನಗ ನೆನಪಿಲ್ಲ” ಎಂದರು. ಕಣ್ಣು ಮಾತ್ರ ನನ್ನ ಮೇಲೆಯೇ ಇತ್ತು.

ಜನ ಚದುರಿದ ಮೇಲೆ ಬೈಸಿಕೊಳ್ಳಲು ಹೋದೆ. “ತಪ್ಪಾತ್ರಿ ಕಾಕಾ. ನಿಮ್ಮ ಹೆಸರು...”

“ಹೆಸರಿಂದು ಇರ್ಲಿ ತಮ್ಮಾ. ಎರಡನೇ ನುಡಿಯಾಗ ಡೊಳ್ಳಿನ ಕೈಗೆ ಸಿಗದಂಗ ಮುಂದ ಓಡಿಯಲ್ಲ, ಅದ್ಯಾಕ?”

“ಬಸ್ ತಪ್ಪತೈತಿ ಅನ್ನೂ ಗಡಿಬಿಡಿ ಬರೀವಾಗ ನನಗೂ ಹತ್ತಿತ್ರಿ. ಅಲ್ಲಿ ಎಡವೇನಿ. ತಿದ್ದತೇನ್ರಿ.”

“ತಿದ್ದಿದ್ರ ನೋಡು ಮತ್ತ! ಇಡೀ ಪದದಾಗ ನೀ ಇರೂದು ಅಲ್ಲೊಂದ ಕಡೆ.”

ಅಂದಿನಿಂದ ಅನ್ನ ರುಚಿಸುತ್ತಿಲ್ಲ. ಸಂಪಾದಕರಿಗೆ ಕಳಿಸುವ ಮುನ್ನ ಈ ಅಂಕಣವನ್ನು ಮತ್ತೆ ಮತ್ತೆ ಓದಿದೆ. ಎಲ್ಲೂ ಎಡವಿಲ್ಲ.

ಹಾಗಾದರೆ ಇದನ್ನು ಬರೆದವರು ಯಾರು?