ಒಳಗಿನ ಹಿಡಿಕೆ

ಬಡಗಿಯಣ್ಣ ನಮ್ಮ ಬೀದಿಗೆಲ್ಲ ಬೇಕಾದವನು. ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡೇ ಐದು ಮನೆಯ ಸುದ್ದಿ ಹೇಳುವ ಆಸಾಮಿ. ಊರಿಗೆಲ್ಲ ಬಾಗಿಲು ಕೂರಿಸಿದವನ ಮನೆಯಲ್ಲಿ ಮಾತ್ರ ಒಂದು ಬಾಗಿಲೂ ಮುಚ್ಚುತ್ತಿರಲಿಲ್ಲ. ನಾವು ನಗುತ್ತಿದ್ದೆವು. ಕಾರಣ ತಿಳಿದ ಮೇಲೆ ನಗು ನಿಂತಿತು.

ಅವನ ಅಕ್ಕ ಹನ್ನೊಂದು ವರ್ಷ ಗುಡ್ಡದ ಮೇಲಿನ ಮಾನಸಿಕ ಆಸ್ಪತ್ರೆಯಲ್ಲಿದ್ದವಳು. ಅಲ್ಲಿನ ಬಾಗಿಲುಗಳಿಗೆ ಹಿಡಿಕೆ ಹೊರಗಡೆ ಮಾತ್ರ. ಒಳಗೆ ಬರೀ ನುಣ್ಣನೆಯ ಹಲಗೆ. ವಾಸಿಯಾಗಿ ಮನೆಗೆ ಬಂದಳು, ಅಡುಗೆಮನೆ ಹಿಡಿದಳು, ತಮ್ಮನ ಕಿವಿಯನ್ನೂ ಹಿಂಡಿದಳು. ಆದರೆ ಮುಚ್ಚಿದ ಬಾಗಿಲು ಕಂಡರೆ ಮುಂದೆ ನಿಂತುಬಿಡುವಳು, ಯಾರಾದರೂ ಬಂದು ತೆಗೆಯುವ ತನಕ. ಒಮ್ಮೆ ಗಾಳಿಗೆ ಬಚ್ಚಲಿನ ಬಾಗಿಲು ಮುಚ್ಚಿಕೊಂಡು, ಮಧ್ಯಾಹ್ನವಿಡೀ ಒಳಗೇ ನಿಂತಿದ್ದಳು. ಕೂಗಲೂ ಇಲ್ಲ. ಅಂದೇ ತಮ್ಮ ಮನೆಯ ಬಾಗಿಲುಗಳನ್ನೆಲ್ಲ ಮುಚ್ಚದಂತೆ ಮಾಡಿಬಿಟ್ಟ.

ಆಸ್ಪತ್ರೆ ಮುಚ್ಚಿ, ಪಾಳುಬಿದ್ದು, ಇಪ್ಪತ್ತು ವರ್ಷವಾದ ಮೇಲೆ ಅದನ್ನು ಶಾಲೆ ಮಾಡುವುದೆಂದಾಯಿತು. ನಲವತ್ತು ಬಾಗಿಲಿಗೆ ಒಳಹಿಡಿಕೆ ಹಾಕುವ ಕೆಲಸ ಬಡಗಿಯಣ್ಣನಿಗೆ ಬಂತು.

"ನಾನೂ ಬರ್ತೀನಿ," ಅಂದಳು ಅಕ್ಕ.

"ಅಲ್ಲೇನಿದೆ ಅಕ್ಕಾ? ಬಾವಲಿ, ಜೇಡ."

"ಆ ಜಾಗ ನಿನಗಿಂತ ನನಗೆ ಗೊತ್ತು. ಚಪ್ಪಲಿ ಮೆಟ್ಕೋ, ನಡಿ."

ಕಿಟಕಿ ಕಂಬಿಗೆಲ್ಲ ಬಳ್ಳಿ ಹಬ್ಬಿತ್ತು. ಅಕ್ಕನೇ ಮುಂದೆ: ಇದು ನಾವು ದಾರ ಸುತ್ತುತ್ತಿದ್ದ ಕೋಣೆ, ಇದು ತಲೆ ಬೋಳಿಸುತ್ತಿದ್ದ ಜಗಲಿ, ಇಲ್ಲಿ ಒಬ್ಬ ನರ್ಸಮ್ಮ ಕದ್ದುಮುಚ್ಚಿ ಹಾಡು ಕಲಿಸುತ್ತಿದ್ದಳು. ಕೊನೆಯ ವಾರ್ಡಿನ ನೆಲದಲ್ಲಿ ಮಂಚದ ಕಾಲುಗಳ ಗುರುತು ಇನ್ನೂ ಇತ್ತು.

"ಬಾಗಿಲಿಂದ ಮೂರನೇದು ನಂದು."

ತಮ್ಮ ಮೊದಲ ಹಿಡಿಕೆಯನ್ನು ಆ ವಾರ್ಡಿನ ಬಾಗಿಲಿಗೇ ಕೂರಿಸಿದ. ಅಕ್ಕ ಅದನ್ನೇ ಬಹಳ ಹೊತ್ತು ನೋಡಿದಳು.

"ನೀನು ಹೊರಗೆ ಹೋಗು. ಬಾಗಿಲು ಹಾಕು. ನಾನು ಕರೆಯೋ ತನಕ ಮುಟ್ಟಬೇಡ."

ಹಾಕಿದ. ಒಳಗೆ ಸದ್ದಿಲ್ಲ. ಅವನ ಕೈ ಹೊರಗಿನ ಹಿಡಿಕೆಯತ್ತ ತಾನಾಗಿಯೇ ಹೋಯಿತು. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಸಾಕು, ತೆಗೆದುಬಿಡೋಣ ಅಂದುಕೊಳ್ಳುವಷ್ಟರಲ್ಲಿ ಕದ ಕಿರ್ರೆಂದಿತು.

ಹೊಸ್ತಿಲಲ್ಲಿ ಅಕ್ಕ. ಹಣೆಯಲ್ಲಿ ಬೆವರು, ಮುಖ ಸಿಡಿಮಿಡಿ.

"ಬಡಗಿಯಂತೆ ಬಡಗಿ. ಇದು ಶಾಲೆ ಕಣೋ. ನನ್ನ ಎದೆಮಟ್ಟಕ್ಕೆ ಹಾಕಿದ್ರೆ ಪುಟ್ಟ ಮಕ್ಕಳಿಗೆ ಎಟುಕುತ್ತಾ? ಒಳಗೆ ನಿಂತ್ಕೊಂಡು ಅಳಬೇಕಾ ಅವು?"

"ತಪ್ಪಾಯ್ತು ಅಕ್ಕಾ," ಅಂದ ತಮ್ಮ. ಅಕ್ಕ ಬೈದದ್ದಕ್ಕೆ ಅಷ್ಟು ಖುಷಿಪಟ್ಟವನನ್ನು ನಾವು ಬೇರೆ ಕಂಡಿಲ್ಲ.

ಆ ಹಿಡಿಕೆ ಕಿತ್ತು ಸೊಂಟಕ್ಕಿಂತ ಕೆಳಗೆ ಇಳಿಸಿದ. ಉಳಿದವನ್ನೂ ಅದೇ ಅಳತೆಗೆ ಹಾಕಿದ. ಒಂದೊಂದು ಮುಗಿದಾಗಲೂ ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು, ಎಳೆದು ತೆಗೆಯುವಳು, "ಹೂಂ, ಮುಂದಿಂದು," ಅನ್ನುವಳು.