ನೀರಿನ ಗುಂಪಿನ ಹೆಬ್ಬೆಟ್ಟು

ಪಿರಿಯಾಪಟ್ಟಣದ ನಮ್ಮ ಬೀದಿಗೆ ದಿನ ಬಿಟ್ಟು ದಿನ ನಲ್ಲಿ ನೀರು ಬರುತ್ತದೆ. ಯಾವ ಹೊತ್ತಿಗೆ ಎಂಬುದನ್ನು ನೀರುಗಂಟಿ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾನೆ. ಓದಿದೆವು ಎನ್ನಲು ಎಲ್ಲರೂ ಅದರ ಕೆಳಗೆ ಹೆಬ್ಬೆಟ್ಟಿನ ಚಿತ್ರ ಒತ್ತುತ್ತೇವೆ. ಒತ್ತಿ ಒತ್ತಿ, ಓದದೆಯೂ ಒತ್ತುವ ಚಾಳಿ ನನಗೆ ಹತ್ತಿಬಿಟ್ಟಿದೆ.

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಯಾರೋ ಆ ಗುಂಪಿಗೆ, ಹಬ್ಬದ ಹೂವನ್ನು ಸಾಬರ ಹತ್ತಿರ ಕೊಳ್ಳಬೇಡಿ ಎಂಬ ಸಂದೇಶ ಕಳಿಸಿದರು. ಒಲೆಯ ಮೇಲೆ ಹಾಲಿಟ್ಟಿದ್ದ ನಾನು ನೀರಿನ ಸುದ್ದಿಯೆಂದುಕೊಂಡು ಹೆಬ್ಬೆಟ್ಟು ಒತ್ತಿದೆ. ಮಧ್ಯಾಹ್ನ ಓದಿದಾಗ ನನ್ನ ಮೇಲೇ ಸಿಟ್ಟು ಬಂತು. ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಎರಡು ಸಲ ಓದುವವಳು ನಾನು! ಬೀದಿಯ ತುದಿಯಲ್ಲಿ ಹೂ ಮಾರುವ ಸಾಬರೂ ಅದೇ ಗುಂಪಿನಲ್ಲಿದ್ದಾರೆ. ಅವರ ಮನೆಗೂ ಅದೇ ನೀರು.

ಸಂಜೆ ಅವರ ಬಳಿಗೆ ಹೋದೆ. ಎಂದಿನಂತೆ ಎರಡು ಮಾರು ಸೇವಂತಿಗೆ ಅಳೆದು, ಮೇಲೊಂದು ಗೇಣು ಬಿಟ್ಟು ಕತ್ತರಿಸಿ, ಬಾಳೆಲೆಯಲ್ಲಿ ಸುತ್ತಿ ಕೊಟ್ಟರು.

"ಬೆಳಿಗ್ಗೆ ನೋಡ್ದೆ ಒತ್ಬುಟ್ಟೆ ಕಣಣ್ಣ," ಎಂದೆ.

"ಬುಡಿ ಅಕ್ಕ, ನಾನೂ ಒತ್ತಿವ್ನಿ."

"ನೀವ್ಯಾಕೆ? ನೀವೂ ಓದ್ನಿಲ್ವ?"

"ಓದೇ ಒತ್ತಿದ್ದು. ಬೀದಿಯೋರೆಲ್ಲ ಒತ್ತವ್ರೆ. ನಾನೊಬ್ನೇ ಒತ್ನಿಲ್ಲ ಅಂದ್ರೆ ಎದ್ದು ಕಾಣ್ತದಲ್ಲ?" ಎಂದು ಮುಂದಿನವರಿಗೆ ಹೂವು ಅಳೆಯತೊಡಗಿದರು.

ಮನೆಗೆ ಬಂದು ನನ್ನ ಹೆಬ್ಬೆಟ್ಟನ್ನು ಅಳಿಸಿದೆ. ಅವರದು ಅಲ್ಲೇ ಇತ್ತು.